ಆಡಲು ಪಕ್ಕದ ಮನೆಯವರು ಬೇಕು: ಸ್ಯಾಫ್ ಫುಟ್‌ಬಾಲ್‌ನ ಮೂರು ದಶಕ

2018ರ ಸೆಪ್ಟೆಂಬರ್‌ನಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ನಡೆಯಿತು. ಗುಂಪಿನ ಪಂದ್ಯಗಳು ಮುಗಿದಾಗ ಮಾಲ್ಡೀವ್ಸ್ ಹೆಸರಿನಲ್ಲಿ ಒಂದೇ ಒಂದು ಗೋಲೂ ಇರಲಿಲ್ಲ. ಶ್ರೀಲಂಕಾ ಜೊತೆ ಗೋಲಿಲ್ಲದ ಡ್ರಾ, ಭಾರತದ ಕೈಯಲ್ಲಿ 0–2ರ ಸೋಲು. ಶ್ರೀಲಂಕಾದ ಲೆಕ್ಕವೂ ಕರಾರುವಾಕ್ಕಾಗಿ ಅಷ್ಟೇ: ಒಂದು ಡ್ರಾ, ಭಾರತದ ಎದುರು ಅದೇ 0–2. ಇಬ್ಬರಲ್ಲಿ ಒಬ್ಬರನ್ನು ಸೆಮಿಫೈನಲ್‌ಗೆ ಕಳಿಸಲು ಬೇರೆ ದಾರಿ ಕಾಣದೆ ನಾಣ್ಯ ಚಿಮ್ಮಿದರು. ನಾಣ್ಯ ಮಾಲ್ಡೀವ್ಸ್ ಕಡೆ ಬಿತ್ತು. ಆ ತಂಡ ಸೆಮಿಫೈನಲ್‌ನಲ್ಲಿ ನೇಪಾಳವನ್ನು 3–0ರಿಂದ ಮಣಿಸಿತು, ಫೈನಲ್‌ನಲ್ಲಿ ಭಾರತವನ್ನು 2–1ರಿಂದ ಸೋಲಿಸಿ ಕಪ್ ಎತ್ತಿಕೊಂಡು ರಾಜಧಾನಿ ಮಾಲೆಗೆ ಹೋಯಿತು.

ಇದನ್ನು ಅದೃಷ್ಟದ ಕಥೆ ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ನನಗೆ ಇದರಲ್ಲಿ ಕಾಣುವುದು ಬೇರೆ. ಆ ಗುಂಪಿನಲ್ಲಿ ಪ್ರತಿ ತಂಡಕ್ಕೆ ಸಿಕ್ಕಿದ್ದು ಎರಡೇ ಪಂದ್ಯ. ಎರಡು ಪಂದ್ಯ ಆಡಿಸಿ ಒಂದು ದೇಶವನ್ನು ಮನೆಗೆ ಕಳಿಸಬೇಕೆಂದರೆ ಕೊನೆಗೆ ನಾಣ್ಯವನ್ನೇ ನೆಚ್ಚಬೇಕಾಗುತ್ತದೆ. ಮನುಕುಲದ ಹೆಚ್ಚುಕಡಿಮೆ ಕಾಲು ಭಾಗ ಬದುಕುವ ಈ ಉಪಖಂಡದಿಂದ ಇಂದಿಗೂ ಒಂದೇ ಒಂದು ಪುರುಷರ ತಂಡವೂ ವಿಶ್ವಕಪ್‌ನಲ್ಲಿ ಆಡಿಲ್ಲ. ಕಾರಣ ಕೇಳಿದರೆ ಕ್ರಿಕೆಟ್ಟು, ಹಣ, ಆಹಾರ, ದೇಹದಾರ್ಢ್ಯ ಎಂದು ಪಟ್ಟಿ ಉದ್ದವಾಗುತ್ತದೆ. ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ಇಲ್ಲಿನ ತಂಡಗಳಿಗೆ ಸಾಕಷ್ಟು ಪಂದ್ಯಗಳೇ ಸಿಗುವುದಿಲ್ಲ ಎಂಬ ಸಂಗತಿ. ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟ, ಅಂದರೆ ಸ್ಯಾಫ್, ಮೂರು ದಶಕಗಳಲ್ಲಿ ಏನು ಮಾಡಿತು ಎಂದು ಅಳೆಯುವಾಗ ನಾನು ಕೇಳುವ ಪ್ರಶ್ನೆಯೂ ಇದೊಂದೇ: ಅದು ಎಷ್ಟು ಆಡಿಸಿತು?

ಒಕ್ಕೂಟಕ್ಕಿಂತ ಟೂರ್ನಿಯೇ ಹಿರಿಯದು. 1993ರಲ್ಲಿ ಲಾಹೋರ್‌ನಲ್ಲಿ 'ಸಾರ್ಕ್ ಗೋಲ್ಡ್ ಕಪ್' ಎಂಬ ಹೆಸರಿನಲ್ಲಿ ನಾಲ್ಕು ದೇಶಗಳು ಸೇರಿ ಆಡಿದವು, ಭಾರತ ಗೆದ್ದಿತು. 1995ರಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಹೊಡೆದ ಒಂದೇ ಗೋಲಿನಿಂದ ಭಾರತವನ್ನು ಸೋಲಿಸಿತು. ಆ ದ್ವೀಪಕ್ಕೆ ಈ ಟೂರ್ನಿಯಲ್ಲಿ ದಕ್ಕಿದ ಏಕೈಕ ಕಪ್ ಅದು. 1997ರಲ್ಲಿ ಬಾಂಗ್ಲಾದೇಶ, ಭಾರತ, ಮಾಲ್ಡೀವ್ಸ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಸೇರಿ ಸ್ಯಾಫ್ ಕಟ್ಟಿದವು. 2000ದಲ್ಲಿ ಭೂತಾನ್ ಬಂತು, 2005ರಲ್ಲಿ ಅಫ್ಗಾನಿಸ್ತಾನ ಬಂತು. ಹತ್ತು ವರ್ಷದ ಬಳಿಕ ಅಫ್ಗಾನಿಸ್ತಾನ ಮಧ್ಯ ಏಷ್ಯಾದ ಹೊಸ ಒಕ್ಕೂಟಕ್ಕೆ ಹೋಯಿತು. ಹಾಗಾಗಿ ಈಗ ಉಳಿದವರು ಏಳು ಮಂದಿ, ಕಚೇರಿ ಢಾಕಾದಲ್ಲಿ.

2009ರಲ್ಲಿ ಈ ಒಕ್ಕೂಟದ ಅಧ್ಯಕ್ಷರಾದ ಕಾಜಿ ಸಲಾಹುದ್ದೀನ್ ಅವರ ಹಿನ್ನೆಲೆಯನ್ನು ಇಲ್ಲಿ ನೆನೆಯಬೇಕು. 1971ರ ವಿಮೋಚನಾ ಯುದ್ಧದ ದಿನಗಳಲ್ಲಿ ಭಾರತದ ಊರೂರು ಸುತ್ತಿ ಪಂದ್ಯವಾಡಿ ಹಣ ಕೂಡಿಸಿದ 'ಸ್ವಾಧೀನ್ ಬಾಂಗ್ಲಾ' ತಂಡದ ಆಟಗಾರರಲ್ಲಿ ಅವರೂ ಒಬ್ಬರು. ಆ ತಂಡದ ಮೊದಲ ಪಂದ್ಯ ಪಶ್ಚಿಮ ಬಂಗಾಳದ ಕೃಷ್ಣನಗರದಲ್ಲಿ ನಡೆಯಿತು. ದೇಶ ಇನ್ನೂ ಹುಟ್ಟುವ ಮೊದಲೇ ಅದರ ಬಾವುಟ ಫುಟ್‌ಬಾಲ್ ಮೈದಾನದಲ್ಲಿ ಏರಿತ್ತು. ಈ ಭಾಗದಲ್ಲಿ ಆಟ ಮತ್ತು ಗಡಿ ಎಷ್ಟು ಗಾಢವಾಗಿ ಹೆಣೆದುಕೊಂಡಿವೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆ ಹೆಣಿಗೆ ಒಕ್ಕೂಟವನ್ನು ಎಷ್ಟು ಬಿಗಿಯುತ್ತದೆಯೋ ಅಷ್ಟೇ ಕಾಪಾಡಿದೆ ಎಂದೂ ನನಗೆ ಅನಿಸುತ್ತದೆ. ಸಾರ್ಕ್ ರಾಷ್ಟ್ರಗಳ ನಾಯಕರು ಶೃಂಗಸಭೆಯಲ್ಲಿ ಕೂತದ್ದು 2014ರ ಕಠ್ಮಂಡುವಿನಲ್ಲೇ ಕೊನೆ. ಅದಾದ ಮೇಲೆ ಸ್ಯಾಫ್ ಪುರುಷರ ಟೂರ್ನಿ ತಿರುವನಂತಪುರ, ಢಾಕಾ, ಮಾಲೆ, ಬೆಂಗಳೂರುಗಳಲ್ಲಿ ನಾಲ್ಕು ಸಲ ನಡೆದಿದೆ. ಮಹಿಳೆಯರ ಮತ್ತು ಕಿರಿಯರ ಟೂರ್ನಿಗಳು ಬೇರೆ. ರಾಜತಾಂತ್ರಿಕರು ಮುಖ ನೋಡದ ಕಾಲದಲ್ಲೂ ಹದಿನೇಳರ ಹುಡುಗರು ಒಂದೇ ಹೋಟೆಲಿನಲ್ಲಿ ತಿಂಡಿ ತಿಂದು ಒಂದೇ ಮೈದಾನಕ್ಕೆ ಇಳಿದಿದ್ದಾರೆ. ಅದು ಸಣ್ಣ ಸಾಧನೆಯಲ್ಲ.

ಪುರುಷರ ಟೂರ್ನಿಯ ದಾಖಲೆ ಮಾತ್ರ ಒಂದೇ ಕಡೆ ವಾಲಿದೆ. 1993ರಿಂದ 2023ರವರೆಗೆ ನಡೆದ ಹದಿನಾಲ್ಕು ಆವೃತ್ತಿಗಳಲ್ಲಿ ಒಂಬತ್ತನ್ನು ಭಾರತ ಗೆದ್ದಿದೆ, ನಾಲ್ಕರಲ್ಲಿ ಎರಡನೆಯ ಸ್ಥಾನ ಪಡೆದಿದೆ. ಮೊದಲ ಎರಡು ಸ್ಥಾನದಿಂದ ಭಾರತ ಹೊರಗುಳಿದದ್ದು ಒಮ್ಮೆ ಮಾತ್ರ, 2003ರಲ್ಲಿ ಢಾಕಾದಲ್ಲಿ. ಆ ವರ್ಷ ಸೆಮಿಫೈನಲ್‌ನಲ್ಲಿ ಭಾರತವನ್ನು ಕೆಡವಿದ ಬಾಂಗ್ಲಾದೇಶವೇ ಮುಂದೆ ಮಾಲ್ಡೀವ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಕಪ್ ಗೆದ್ದಿತು. ಮಾಲ್ಡೀವ್ಸ್‌ಗೆ ಎರಡು ಕಪ್, ಶ್ರೀಲಂಕಾ, ಬಾಂಗ್ಲಾದೇಶ, ಅಫ್ಗಾನಿಸ್ತಾನಗಳಿಗೆ ಒಂದೊಂದು. ನೇಪಾಳ, ಪಾಕಿಸ್ತಾನ, ಭೂತಾನ್ ಖಾಲಿ ಕೈ.

ಅಫ್ಗಾನಿಸ್ತಾನದ ಆ ಒಂದು ಕಪ್ ಮಿಕ್ಕ ಹದಿಮೂರರ ನಡುವೆ ಎದ್ದು ಕಾಣುತ್ತದೆ. 2013ರ ಆಗಸ್ಟ್‌ನಲ್ಲಿ ಕಾಬೂಲ್‌ನಲ್ಲಿ ಹತ್ತು ವರ್ಷಗಳ ಬಳಿಕ ಅಂತರರಾಷ್ಟ್ರೀಯ ಪಂದ್ಯವೊಂದು ನಡೆಯಿತು. ಎದುರಾಳಿ ಪಾಕಿಸ್ತಾನ, ಫಲಿತಾಂಶ 3–0. ಮುಂದಿನ ತಿಂಗಳೇ ಅದೇ ತಂಡ ಕಠ್ಮಂಡುವಿಗೆ ಬಂತು. ಅದರಲ್ಲಿ ಹಲವರು ಯುದ್ಧದಿಂದ ಓಡಿಹೋದ ಕುಟುಂಬಗಳಲ್ಲಿ, ಜರ್ಮನಿಯ ಊರುಗಳಲ್ಲಿ ಬೆಳೆದು ಅಲ್ಲಿನ ಕೆಳಹಂತದ ಕ್ಲಬ್‌ಗಳಲ್ಲಿ ಆಡುತ್ತಿದ್ದವರು. ಸೆಮಿಫೈನಲ್‌ನಲ್ಲಿ ಆತಿಥೇಯ ನೇಪಾಳದ ಎರಡು ಪೆನಾಲ್ಟಿಗಳನ್ನು ಗೋಲ್‌ಕೀಪರ್ ಮನ್ಸೂರ್ ಫಕೀರ್‌ಯಾರ್ ತಡೆದರು. ಸೆಪ್ಟೆಂಬರ್ 11ರಂದು ಫೈನಲ್‌ನಲ್ಲಿ ಭಾರತ 0–2ರಿಂದ ಸೋತಿತು. ಆ ರಾತ್ರಿ ಕಾಬೂಲ್‌ನ ಬೀದಿಗಳು ತುಂಬಿದವು. ಅಫ್ಗಾನಿಸ್ತಾನ ಗೆದ್ದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪ್ರಶಸ್ತಿ ಅದು. ಎರಡು ವರ್ಷಕ್ಕೆ ಆ ದೇಶ ಸ್ಯಾಫ್ ಬಿಟ್ಟು ಇರಾನ್, ಉಜ್ಬೇಕಿಸ್ತಾನಗಳ ಸಾಲಿಗೆ ಸೇರಿತು. ಬಲಿಷ್ಠರ ಜೊತೆ ಆಡಿ ಕಲಿಯುವ ಆಸೆ ತಪ್ಪಲ್ಲ. ಆದರೆ 2011, 2013, 2015ರ ಮೂರು ಫೈನಲ್‌ಗಳಲ್ಲಿ ಸತತವಾಗಿ ಭಾರತಕ್ಕೆ ಎದುರು ನಿಂತ ತಂಡ ಹೊರಟುಹೋದದ್ದರಿಂದ ಸ್ಯಾಫ್‌ಗೆ ಆದ ನಷ್ಟ ಇನ್ನೂ ತುಂಬಿಲ್ಲ.

ಭೂತಾನ್‌ನದು ಇನ್ನೊಂದು ಬಗೆಯ ಕಥೆ. ಅದನ್ನು ತುಸು ನಿಧಾನವಾಗಿ ಹೇಳಬೇಕು. ಸ್ಯಾಫ್ ಸೇರಿದ 2000ದಲ್ಲೇ ಆ ದೇಶ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಕುವೈತ್ ಕೈಯಲ್ಲಿ 20–0ರಿಂದ ಸೋತಿತು. 2002ರ ಜೂನ್ 30ರಂದು ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ ಫೈನಲ್ ಆಡುತ್ತಿದ್ದ ದಿನವೇ, ಫಿಫಾ ಪಟ್ಟಿಯ ತಳದ ಎರಡು ತಂಡಗಳು ಥಿಂಫುವಿನ ಚಾಂಗ್ಲಿಮಿಥಾಂಗ್ ಕ್ರೀಡಾಂಗಣದಲ್ಲಿ ಎದುರಾದವು. ಕೆರಿಬಿಯನ್‌ನ ಪುಟ್ಟ ದ್ವೀಪ ಮೊಂಟ್‌ಸೆರಾಟ್ ಅಷ್ಟು ದೂರದಿಂದ ಬಂದಿತ್ತು. ಭೂತಾನ್ 4–0ರಿಂದ ಗೆದ್ದಿತು. ಆಮೇಲೆ ಅದು ಸ್ಯಾಫ್ ಟೂರ್ನಿಗಳಲ್ಲಿ ಸೋಲುತ್ತಾ ಸೋಲುತ್ತಾ ಆಡುವುದನ್ನು ಕಲಿಯಿತು. 2008ರ ಸೆಮಿಫೈನಲ್‌ನಲ್ಲಿ ಭಾರತ ಅದನ್ನು ದಾಟಲು ಹೆಚ್ಚುವರಿ ಸಮಯದವರೆಗೆ ಹೋಗಬೇಕಾಯಿತು. 2015ರ ಮಾರ್ಚ್‌ನಲ್ಲಿ, 209ನೆಯ ರ‍್ಯಾಂಕ್‌ನಲ್ಲಿ ಎಲ್ಲರಿಗಿಂತ ಕೆಳಗಿದ್ದ ಭೂತಾನ್ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಶ್ರೀಲಂಕಾವನ್ನು ಕೊಲಂಬೊದಲ್ಲಿ 1–0ರಿಂದ, ಥಿಂಫುವಿನಲ್ಲಿ 2–1ರಿಂದ ಸೋಲಿಸಿತು. ಎರಡನೆಯ ಪಂದ್ಯದ ಎರಡೂ ಗೋಲು ಹೊಡೆದ ಚೆಂಚೊ ಗೆಲ್ಟ್‌ಶೆನ್ ಮುಂದೆ ಭಾರತದ ಕ್ಲಬ್‌ಗಳಿಗೆ ಬಂದರು, 2018ರಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯನ್ನೂ ತೊಟ್ಟರು. ಎಂಟು ಲಕ್ಷದಷ್ಟು ಜನರ ದೇಶವೊಂದರ ಹುಡುಗನಿಗೆ ವೃತ್ತಿಯಾಗಿ ಫುಟ್‌ಬಾಲ್ ಆಡಲು ನೆರೆಯ ದೇಶದಲ್ಲಿ ಜಾಗ ಸಿಕ್ಕಿತು. ಒಕ್ಕೂಟ ಇರಬೇಕಾದದ್ದು ಇದಕ್ಕಾಗಿ.

ಪಾಕಿಸ್ತಾನದ ವಿಷಯಕ್ಕೆ ಬಂದರೆ ಮನಸ್ಸು ಭಾರವಾಗುತ್ತದೆ. ಸಿಯಾಲ್‌ಕೋಟ್ ನಗರ ತಲೆಮಾರುಗಳಿಂದ ಜಗತ್ತಿಗೆ ಚೆಂಡು ಹೊಲಿದು ಕೊಟ್ಟಿದೆ. 2014ರ ವಿಶ್ವಕಪ್‌ನ ಬ್ರಜೂಕಾ, 2022ರ ಅಲ್ ರಿಹ್ಲಾ ಚೆಂಡುಗಳು ಅಲ್ಲಿನ ಕಾರ್ಖಾನೆಯಲ್ಲಿ ತಯಾರಾದವು. ಕರಾಚಿಯ ಲ್ಯಾರಿ ಬಡಾವಣೆಯಲ್ಲಿ ಕ್ರಿಕೆಟ್‌ಗಿಂತ ಫುಟ್‌ಬಾಲ್ ಮೊದಲು. ಅಂಥ ದೇಶ ತನ್ನ ಇತಿಹಾಸದಲ್ಲಿ ಮೊದಲ ವಿಶ್ವಕಪ್ ಅರ್ಹತಾ ಪಂದ್ಯ ಗೆದ್ದದ್ದು 2023ರ ಅಕ್ಟೋಬರ್‌ನಲ್ಲಿ, ಇಸ್ಲಾಮಾಬಾದ್‌ನಲ್ಲಿ, ಕಾಂಬೋಡಿಯಾ ಎದುರು 1–0ರಿಂದ. ಅದಕ್ಕೂ ಮೊದಲಿನ ಆರು ವರ್ಷಗಳಲ್ಲಿ ಫಿಫಾ ಆ ದೇಶವನ್ನು ಎರಡು ಸಲ ಅಮಾನತು ಮಾಡಿತ್ತು, 2025ರಲ್ಲಿ ಮೂರನೆಯ ಸಲ ಕೆಲ ವಾರಗಳ ಮಟ್ಟಿಗೆ ಮಾಡಿತು. 2015ರ ತಿರುವನಂತಪುರದ ಟೂರ್ನಿಗೆ ಪಾಕಿಸ್ತಾನ ಬರಲಿಲ್ಲ. 2021ರ ಮಾಲೆ ಟೂರ್ನಿಯಲ್ಲಿ ಅಮಾನತಿನ ಕಾರಣ ಆಡಲಾಗಲಿಲ್ಲ. ಇಷ್ಟು ಕಡಿಮೆ ಆಡಿದ ಹುಡುಗರನ್ನು ಆಟ ಬರುವುದಿಲ್ಲ ಎಂದು ದೂರುವುದು ಅನ್ಯಾಯ.

2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಥ ಅನ್ಯಾಯವೇ ಕಣ್ಣೆದುರು ಬಂತು. ಭಾರತ–ಪಾಕಿಸ್ತಾನ ಪಂದ್ಯ ಸಂಜೆಗೆ. ಮಾರಿಷಸ್‌ನಲ್ಲಿ ಆಡಿ ಅಲ್ಲಿಂದ ಹೊರಡಬೇಕಿದ್ದ ಪಾಕಿಸ್ತಾನದ ತಂಡಕ್ಕೆ ವೀಸಾ ತಡವಾಯಿತು. ಆಟಗಾರರು ಬೆಂಗಳೂರು ತಲುಪಿದ್ದು ಪಂದ್ಯದ ದಿನವೇ. ಒಂದು ರಾತ್ರಿಯ ನಿದ್ದೆ ಇಲ್ಲ, ಮೈದಾನದಲ್ಲಿ ಒಂದು ಅಭ್ಯಾಸವಿಲ್ಲ. ಸುನಿಲ್ ಚೆಟ್ರಿ ಮೂರು ಗೋಲು ಹೊಡೆದರು, ಭಾರತ 4–0ರಿಂದ ಗೆದ್ದಿತು. ಗ್ಯಾಲರಿಯ ಸಂಭ್ರಮದಲ್ಲಿ ತಪ್ಪು ಹುಡುಕುತ್ತಿಲ್ಲ. ಆದರೆ ಆ ಗೆಲುವನ್ನು ನೆನೆದಾಗಲೆಲ್ಲ, ಅವರು ಎರಡು ದಿನ ಮೊದಲೇ ಬಂದಿದ್ದರೆ ಎಂಥ ಪಂದ್ಯ ನೋಡಬಹುದಿತ್ತು ಎಂಬ ಕೊರಗು ನನ್ನನ್ನು ಬಿಡುವುದಿಲ್ಲ. ಆತಿಥ್ಯಕ್ಕೆ ಹೆಸರಾದ ಊರು ನಮ್ಮದು.

ಆ ಟೂರ್ನಿಗೆ ಶ್ರೀಲಂಕಾ ಬರಲೇ ಇಲ್ಲ. ಆ ಹೊತ್ತಿಗೆ ಅದೂ ಫಿಫಾ ಅಮಾನತಿನಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಭಾರತದ ಮೇಲೂ ಇದೇ ಏಟು ಬಿದ್ದಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿಯನ್ನು 'ಹೊರಗಿನವರ ಹಸ್ತಕ್ಷೇಪ' ಎಂದು ಫಿಫಾ ಪರಿಗಣಿಸಿತು. ಹತ್ತು-ಹನ್ನೊಂದು ದಿನದಲ್ಲಿ ಅಮಾನತು ತೆರವಾಯಿತು ನಿಜ. ಆದರೆ ಆ ದಿನಗಳಲ್ಲೇ ಏಷ್ಯಾದ ಮಹಿಳಾ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್‌ಗೆ ಹೋಗಿ ಇಳಿದಿದ್ದ ಗೋಕುಲಂ ಕೇರಳ ತಂಡದ ಹುಡುಗಿಯರು ಆಡದೆ ಹಿಂದಿರುಗಬೇಕಾಯಿತು. ಎರಡೂವರೆ ವರ್ಷದ ಅವಧಿಯಲ್ಲಿ ಏಳು ಸದಸ್ಯರಲ್ಲಿ ಮೂವರು ಅಮಾನತಾದರು. ಪದಾಧಿಕಾರಿಗಳ ಕುರ್ಚಿ ಜಗಳ, ಮುಗಿದ ಅವಧಿಗೆ ಅಂಟಿಕೊಳ್ಳುವ ಚಾಳಿ, ಸರ್ಕಾರದ ಕೈಚಳಕ, ಯಾವುದೇ ಇರಲಿ, ಶಿಕ್ಷೆ ಅನುಭವಿಸುವವರು ಅದರಲ್ಲಿ ಪಾಲಿಲ್ಲದ ಆಟಗಾರರು. ಇಂಥ ಹೊತ್ತಿನಲ್ಲಿ ಸ್ಯಾಫ್ ಮೌನವಾಗಿ ಪಟ್ಟಿಯಿಂದ ಒಂದು ಹೆಸರು ಹೊಡೆದು ಗುಂಪುಗಳನ್ನು ಮರುಜೋಡಿಸುತ್ತದೆ. ಸದಸ್ಯ ಸಂಸ್ಥೆಗಳ ಆಡಳಿತ ಹಳಿ ತಪ್ಪುವ ಮೊದಲೇ ಕೂಗಿ ಎಚ್ಚರಿಸುವ ಕೆಲಸವನ್ನು ಅದು ವಹಿಸಿಕೊಳ್ಳಬೇಕಿತ್ತು. ಪ್ರಾದೇಶಿಕ ಒಕ್ಕೂಟಕ್ಕೆ ಅಷ್ಟು ಅಧಿಕಾರವಿಲ್ಲ ಎನ್ನುವುದನ್ನು ಒಪ್ಪಬಹುದು, ಬಾಯಿ ಇಲ್ಲ ಎನ್ನುವುದನ್ನು ಒಪ್ಪಲಾಗದು.

ಬೆಂಗಳೂರಿನ ಆ ಟೂರ್ನಿಯಲ್ಲಿ ಕಲಿಯಬೇಕಾದ ಒಂದು ಒಳ್ಳೆಯ ಪಾಠವೂ ಇತ್ತು. ಖಾಲಿ ಜಾಗ ತುಂಬಲು ಕುವೈತ್ ಮತ್ತು ಲೆಬನಾನ್‌ಗಳನ್ನು ಅತಿಥಿಗಳಾಗಿ ಕರೆಸಿದ್ದರು. ಭಾರತ ಸೆಮಿಫೈನಲ್‌ನಲ್ಲಿ ಲೆಬನಾನ್ ಎದುರು ಪೆನಾಲ್ಟಿವರೆಗೆ ಹೋಯಿತು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು, ಲಾಲಿಯನ್‌ಜುವಾಲಾ ಛಾಂಗ್ಟೆ ಸಮ ಮಾಡಿದರು, ಕೊನೆಗೆ ಗುರುಪ್ರೀತ್ ಸಿಂಗ್ ಸಂಧು ನಿರ್ಣಾಯಕ ಪೆನಾಲ್ಟಿ ತಡೆದರು. ಆ ತಿಂಗಳು ಭಾರತದ ರ‍್ಯಾಂಕ್ 99ಕ್ಕೆ ಏರಿತು. ಕಂಠೀರವ ಅಷ್ಟು ಒಳ್ಳೆಯ ಫುಟ್‌ಬಾಲನ್ನು ಹಲವು ದಿನ ಸತತವಾಗಿ ಕಂಡದ್ದು ಅಪರೂಪ. ಬಲಿಷ್ಠ ಅತಿಥಿ ಬಂದರೆ ಮನೆಯವರೂ ಮೈಕೊಡವಿ ಏಳುತ್ತಾರೆ.

ಅಲ್ಲಿಂದ ಭಾರತ ಇಳಿದ ಇಳಿಜಾರನ್ನು ನೋಡಿದರೆ ಸ್ಯಾಫ್ ಕಪ್‌ಗಳ ತೂಕ ಎಷ್ಟೆಂದು ಗೊತ್ತಾಗುತ್ತದೆ. ಆರೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಕತಾರ್‌ನ ಏಷ್ಯಾ ಕಪ್‌ನಲ್ಲಿ ಮೂರು ಪಂದ್ಯ, ಮೂರೂ ಸೋಲು, ಒಂದೂ ಗೋಲಿಲ್ಲ. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು ಗೋಲಿಲ್ಲದ ಡ್ರಾ. ಅಂದು ಬಾಂಗ್ಲಾದ ಅಂಗಿಯಲ್ಲಿ ಮೊದಲ ಬಾರಿ ಆಡಿದವರು ಇಂಗ್ಲೆಂಡಿನಲ್ಲಿ ಹುಟ್ಟಿ ಲೆಸ್ಟರ್ ಸಿಟಿಯಲ್ಲಿ ಬೆಳೆದ ಹಮ್ಜಾ ಚೌಧುರಿ. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ 1–0ರಿಂದ ಗೆದ್ದಿತು. ಭಾರತದ ಮೇಲೆ 22 ವರ್ಷಗಳ ಬಳಿಕ ದಕ್ಕಿದ ಗೆಲುವು. ಅಷ್ಟರಲ್ಲಿ ಭಾರತ ಮುಂದಿನ ಏಷ್ಯಾ ಕಪ್‌ನಿಂದ ಹೊರಬಿದ್ದಾಗಿತ್ತು, ರ‍್ಯಾಂಕ್ 142ಕ್ಕೆ ಕುಸಿಯಿತು. ದೇಶದ ಅಗ್ರ ಲೀಗ್ ಐಎಸ್‌ಎಲ್ ಆ ಋತುವಿನಲ್ಲಿ ಸಮಯಕ್ಕೆ ಶುರುವಾಗಲೇ ಇಲ್ಲ.

ನೆರೆಯವರು ವಿದೇಶದಲ್ಲಿರುವ ತಮ್ಮ ಮಕ್ಕಳನ್ನು ಕರೆಸಿಕೊಳ್ಳುತ್ತಿರುವಾಗ ಭಾರತದ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಂಗಳೂರು ಎಫ್‌ಸಿಗೆ ಆಡುವ ರಯಾನ್ ವಿಲಿಯಮ್ಸ್ 2025ರಲ್ಲಿ ಹುಟ್ಟಿದ ದೇಶದ ಪೌರತ್ವ ತೊರೆದು ಭಾರತೀಯರಾದರು. ಎಲ್ಲರಿಂದಲೂ ಅಂಥ ತ್ಯಾಗ ಕೇಳಲಾಗದು. ನನ್ನ ಮಟ್ಟಿಗೆ ಈ ಚರ್ಚೆ ಎರಡನೆಯದು. ಮೊದಲನೆಯದು, ಆಗ್ನೇಯ ಏಷ್ಯಾ ಮಾಡಿದ್ದನ್ನು ನಾವೇಕೆ ಮಾಡಲಿಲ್ಲ ಎಂಬುದು. ಅಲ್ಲಿನ ಆಸಿಯಾನ್ ಟೂರ್ನಿ 1996ರಲ್ಲಿ, ನಮ್ಮದಕ್ಕಿಂತ ತಡವಾಗಿ ಶುರುವಾಯಿತು. 2004ರಿಂದ ಅದರ ಸೆಮಿಫೈನಲ್–ಫೈನಲ್‌ಗಳು ಸಾಮಾನ್ಯವಾಗಿ ಎರಡೂ ತಂಡಗಳ ತವರಿನಲ್ಲಿ ನಡೆಯುತ್ತಿವೆ, 2018ರಿಂದ ಗುಂಪಿನ ಪಂದ್ಯಗಳೂ ಊರೂರಿಗೆ ಹಂಚಿಹೋದವು. ಹನೋಯ್, ಬ್ಯಾಂಕಾಕ್, ಜಕಾರ್ತಾದ ಕ್ರೀಡಾಂಗಣಗಳು ಉಕ್ಕಿ ತುಂಬುತ್ತವೆ. ಅಲ್ಲಿ ಗೆದ್ದು ಬೆಳೆದ ವಿಯೆಟ್ನಾಂ 2019ರಲ್ಲಿ ಏಷ್ಯಾ ಕಪ್‌ನ ಕ್ವಾರ್ಟರ್‌ಫೈನಲ್ ತಲುಪಿತು. ತವರು–ಹೊರಊರು ಕ್ರಮದ ಮಾತು ಸ್ಯಾಫ್‌ನಲ್ಲೂ ಆಗಾಗ ಏಳುತ್ತದೆ, ವೀಸಾ ಮತ್ತು ಖರ್ಚಿನ ಎದುರು ಮಲಗಿಬಿಡುತ್ತದೆ. 2025ಕ್ಕೆ ಗೊತ್ತಾಗಿದ್ದ ಪುರುಷರ ಟೂರ್ನಿ ಆ ವರ್ಷ ನಡೆಯಲೂ ಇಲ್ಲ. ಭಾರತ ಮನಸ್ಸು ಮಾಡಿದರೆ ಇದು ಬದಲಾಗಬಲ್ಲದು. ದೊಡ್ಡ ಮಾರುಕಟ್ಟೆ, ದೊಡ್ಡ ಮೈದಾನಗಳು, ವಿಮಾನ ಸಂಪರ್ಕ ಎಲ್ಲವೂ ನಮ್ಮಲ್ಲಿವೆ. ಹಲವು ಸಲ ಕಿರಿಯರ ತಂಡವನ್ನು ಕಳಿಸಿ ಟೂರ್ನಿಯನ್ನು ಹಗುರ ಮಾಡಿದವರೂ ನಾವೇ. 2018ರಲ್ಲಿ ಸೋತ ತಂಡದಲ್ಲಿ ಇದ್ದವರು ಬಹುತೇಕ 23ರೊಳಗಿನವರು.

ಪುರುಷರ ಟೂರ್ನಿಯಲ್ಲಿ ನಾನು ಹುಡುಕುವ ಜೀವಂತಿಕೆ ಮಹಿಳೆಯರ ಟೂರ್ನಿಯಲ್ಲಿ ಧಾರಾಳವಾಗಿದೆ. 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಅದು ಶುರುವಾಯಿತು. ಮೊದಲ ಐದೂ ಕಪ್ ಭಾರತಕ್ಕೆ, ಒಂದು ಪಂದ್ಯವನ್ನೂ ಸೋಲದೆ. ಅದೇ ಕಾಲದಲ್ಲಿ ಬಾಂಗ್ಲಾದೇಶ ಪ್ರಾಥಮಿಕ ಶಾಲೆಯ ಹುಡುಗಿಯರಿಗೆಂದು ದೇಶವ್ಯಾಪಿ ಟೂರ್ನಿ ಆರಂಭಿಸಿತ್ತು. ಮೈಮನ್‌ಸಿಂಗ್ ಜಿಲ್ಲೆಯ ಕಲ್ಸಿಂದೂರ್ ಎಂಬ ಗಡಿಹಳ್ಳಿಯ ಒಂದೇ ಶಾಲೆಯಿಂದ ಸಂಜಿದಾ ಅಖ್ತರ್, ಮಾರಿಯಾ ಮಂಡಾರಂಥ ಹಲವರು ರಾಷ್ಟ್ರೀಯ ತಂಡಕ್ಕೆ ಬಂದರು. ರಂಗಮಾಟಿಯ ಬೆಟ್ಟಗಳಿಂದ ರೂಪ್ನಾ ಚಕ್ಮಾ, ರಿತುಪರ್ಣಾ ಚಕ್ಮಾ ಬಂದರು. ಸಾತ್‌ಖೀರಾದ ಸಬೀನಾ ಖಾತೂನ್ ನಾಯಕಿಯಾದರು. 2022ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಈ ತಂಡ ಭಾರತವನ್ನು 3–0ರಿಂದ, ಫೈನಲ್‌ನಲ್ಲಿ ನೇಪಾಳವನ್ನು 3–1ರಿಂದ ಸೋಲಿಸಿತು. ಢಾಕಾದಲ್ಲಿ ತೆರೆದ ಬಸ್ಸಿನಲ್ಲಿ ಅವರನ್ನು ಮೆರೆಸಿದರು. 2024ರಲ್ಲಿ ಅದೇ ಊರಲ್ಲಿ ಅದೇ ನೇಪಾಳದ ಎದುರು 2–1ರಿಂದ ಕಪ್ ಉಳಿಸಿಕೊಂಡರು. ಮುಂದಿನ ಜುಲೈನಲ್ಲಿ ಮ್ಯಾನ್ಮಾರ್ ವಿರುದ್ಧ ರಿತುಪರ್ಣಾ ಹೊಡೆದ ಎರಡು ಗೋಲುಗಳ ಬಲದಿಂದ ಬಾಂಗ್ಲಾದೇಶ ಮೊದಲ ಬಾರಿ ಮಹಿಳಾ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಅದೇ ವಾರ ಥಾಯ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿ ಭಾರತದ ಹುಡುಗಿಯರೂ ಅರ್ಹತೆ ಗಳಿಸಿದರು. ನೆರೆಯವರ ಕೈಯಲ್ಲಿ ಎರಡು ಸಲ ತಿಂದ ಏಟು ಭಾರತಕ್ಕೆ ಒಳಿತನ್ನೇ ಮಾಡಿತು ಎಂದು ನಾನು ನಂಬುತ್ತೇನೆ.

ಇಲ್ಲೂ ಎಲ್ಲವೂ ಹಿತವಾಗಿಲ್ಲ. 2025ರ ಆರಂಭದಲ್ಲಿ ಬಾಂಗ್ಲಾದ 18 ಆಟಗಾರ್ತಿಯರು ಕೋಚ್ ವಿರುದ್ಧ ತಿರುಗಿ ನಿಂತು ಅಭ್ಯಾಸ ಬಿಟ್ಟರು. ನೇಪಾಳದ ನೋವು ಬೇರೆಯೇ. ಏಳು ಫೈನಲ್‌ಗಳಲ್ಲಿ ಆರನ್ನು ಆಡಿ ಆರನ್ನೂ ಸೋತ ತಂಡ ಅದು. ಅದರ ಮುಂಚೂಣಿಯ ಸಾಬಿತ್ರಾ ಭಂಡಾರಿ ಫ್ರಾನ್ಸ್‌ನ ಲೀಗ್‌ವರೆಗೆ ಹೋಗಿ ಆಡಿದವರು. ಅವರನ್ನು ನೋಡಲು ಕಠ್ಮಂಡುವಿನ ದಶರಥ ರಂಗಶಾಲೆ ಕ್ರೀಡಾಂಗಣ ತುಂಬಿ ತುಳುಕುತ್ತದೆ. ಪುರುಷರ ತಂಡಕ್ಕೂ ಒಂದು ಸ್ಯಾಫ್ ಕಪ್ ಬಂದಿಲ್ಲದ ಆ ದೇಶದಷ್ಟು ಫುಟ್‌ಬಾಲನ್ನು ಪ್ರೀತಿಸುವ ದೇಶ ಈ ಏಳರಲ್ಲಿ ಇನ್ನೊಂದಿಲ್ಲ ಎನಿಸುತ್ತದೆ.

ಮತ್ತೊಂದು ನಾಣ್ಯದ ಪ್ರಸಂಗ ಉಳಿದಿದೆ. 2024ರ ಫೆಬ್ರವರಿ 8, ಢಾಕಾದ ಕಮಲಾಪುರ. 19ರೊಳಗಿನ ಹುಡುಗಿಯರ ಫೈನಲ್, ಭಾರತ ಮತ್ತು ಬಾಂಗ್ಲಾದೇಶ. ಭಾರತ ಮೊದಲೇ ಗೋಲು ಹೊಡೆದಿತ್ತು, ಬಾಂಗ್ಲಾ ಪಂದ್ಯ ಮುಗಿಯುವ ಗಳಿಗೆಯಲ್ಲಿ ಸಮ ಮಾಡಿತು. ಪೆನಾಲ್ಟಿಗಳು ಶುರುವಾದವು. ಗೋಲ್‌ಕೀಪರ್‌ಗಳೂ ಸೇರಿ ಎರಡೂ ಕಡೆಯ ಹನ್ನೊಂದು ಹನ್ನೊಂದು ಮಂದಿ ಒದ್ದರು, ಒಬ್ಬಳೂ ತಪ್ಪಲಿಲ್ಲ. 11–11. ನಿಯಮದ ಪ್ರಕಾರ ಮತ್ತೆ ಮೊದಲಿನಿಂದ ಒದೆಯಬೇಕಿತ್ತು. ಅದರ ಬದಲು ನಾಣ್ಯ ಚಿಮ್ಮಿಸಿ ಭಾರತವನ್ನು ವಿಜೇತ ಎಂದು ಸಾರಿದರು. ಬಾಂಗ್ಲಾದ ಹುಡುಗಿಯರು ಮೈದಾನ ಬಿಡಲಿಲ್ಲ, ಗ್ಯಾಲರಿಯಿಂದ ಬಾಟಲಿಗಳು ಬಿದ್ದವು. ತೀರ್ಪು ಹಿಂತೆಗೆದುಕೊಂಡು ಮತ್ತೆ ಆಡಿ ಎಂದಾಗ ಭಾರತದವರು ಹೊರಟುಹೋಗಿದ್ದರು. ರಾತ್ರಿ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಿದರು. ಇಪ್ಪತ್ತೆರಡು ಹುಡುಗಿಯರು ಇಪ್ಪತ್ತೆರಡು ಸಲ ಚೆಂಡನ್ನು ಬಲೆಗೆ ಕಳಿಸಿದ್ದರು. ಇಪ್ಪತ್ತಮೂರನೆಯ ಸಲ ಆ ಬಿಳಿ ಚುಕ್ಕೆಯ ಮೇಲೆ ಚೆಂಡು ಇಟ್ಟುಕೊಟ್ಟಿದ್ದರೆ ಅವರು ಒದೆಯುತ್ತಿದ್ದರು.